ನಲವತ್ತೇಳನೆಯ ಪೆಟ್ಟಿಗೆ

ಗುನ್ವೋರ್ ಹಾಲ್ಬೆಕ್ ಇಪ್ಪತ್ತೊಂಬತ್ತು ವರ್ಷದ ಕೆಲಸದಲ್ಲಿ ಒಮ್ಮೆಯೂ ತಪ್ಪಿನ ಕೇಕು ತಂದವಳಲ್ಲ.

ಆ ಉಗ್ರಾಣದ ಕಟ್ಟಳೆ ಹಾಗಿತ್ತು. ಕೆಲಸದಲ್ಲಿ ಎಡವಿದವರು ಸ್ವಂತ ಕೈಯಿಂದ ಕೇಕು ಮಾಡಿ ತರಬೇಕು, ಅಂಗಡಿಯದು ನಡೆಯದು. ಹತ್ತು ಗಂಟೆಯ ಕಾಫಿಗೆ ಎಲ್ಲರೂ ಕೂತಾಗ ತಾನು ಮಾಡಿದ್ದೇನು ಎಂದು ಬಾಯಿಬಿಟ್ಟು ಹೇಳಬೇಕು. ಕೇಳಿದವರು ಒಂದೊಂದು ತುಂಡು ತಿನ್ನಬೇಕು. ತಿಂದಾದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತುವಂತಿಲ್ಲ. ಪೆಟ್ಟಿಗೆ ಎತ್ತುವ ಯಂತ್ರದ ಗಾಡಿ ಓಡಿಸುವ ರೂನೆ ಇಲ್ಲಿಯವರೆಗೆ ಹನ್ನೊಂದು ಕೇಕು ತಂದಿದ್ದ. "ನನ್ನ ಹೆಂಡತಿ ನನ್ನ ತಪ್ಪಿಂದ್ಲೇ ಅಡುಗೆ ಕಲಿತ್ಳು" ಎಂದು ಅವನೇ ನಗುತ್ತಿದ್ದ. ಕೇಕು ಸ್ವಂತ ಕೈಯದಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಸ್ಕೋನೆ ಎಂಬ ಸೀಮೆಯ ಕಡಲತಡಿಯಲ್ಲಿ, ಊರಾಚೆ, ತಗಡು ಹೊದಿಸಿದ ಮೂರು ಉದ್ದನೆಯ ಕೊಟ್ಟಿಗೆಗಳು. ಒಳಗೆ ನೆಲದಿಂದ ಸೂರಿನವರೆಗೂ ಮರದ ಪೆಟ್ಟಿಗೆಗಳು. ಒಂದೊಂದರಲ್ಲೂ ಐದು ಸಾಲು, ಸಾಲಿಗೊಂದು ಮೀಟರ್ ಕಲ್ಲಿನ ದಿಂಡು. ಭೂಮಿಯನ್ನು ಕೊರೆದು ತೆಗೆದ, ಬಾಳೆದಿಂಡಿನಂಥ ದುಂಡು ಕಲ್ಲು. ಅದನ್ನು ಓದುವುದು ಪುಸ್ತಕ ಓದಿದ ಹಾಗೆಯೇ: ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ. ಓದುತ್ತ ಹೋದಂತೆ ನೆಲದೊಳಗೆ ಇಳಿದಂತೆ, ಕಾಲದಲ್ಲಿ ಹಿಂದಕ್ಕೆ ಹೋದಂತೆ.

ಮಂಗಳವಾರ ಕಾಫಿಯ ಹೊತ್ತಿಗೆ ಆನೆಲಿ ಓಡಿ ಬಂದಳು. ಮೂವತ್ತೊಂದರ ಹೆಣ್ಣು, ವಿಶ್ವವಿದ್ಯಾಲಯದಿಂದ ಬಂದು ಮೂರು ವರ್ಷದಿಂದ ಇದೇ ಉಗ್ರಾಣದ ಕಿಟಕಿ ಪಕ್ಕದ ಮೇಜಿನ ಮುಂದೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತವಳು. ಕೂದಲಲ್ಲಿ ಸದಾ ಕಲ್ಲಿನ ಪುಡಿ.

"ಗುನ್ವೋರ್, ಗುರುವಾರ ಅವರೆಲ್ಲ ಬರ್ತಾರಂತೆ! ಏಳೂ ಜನ! ಸ್ಕಾಟ್ಲೆಂಡಿನವರು, ಎಸ್ಟೋನಿಯಾದವರು, ಚೀನಾದವರೂ. ನನ್ನ ಪೆಟ್ಟಿಗೇನ ಕಣ್ಣಾರೆ ನೋಡ್ಬೇಕಂತೆ."

"ನಿನ್ನ ಪೆಟ್ಟಿಗೆ ಯಾವುದೇ ತಾಯಿ? ಇಲ್ಲಿರೋದು ಎಲ್ಲಾ ಗುನ್ವೋರ್‌ದೇ" ಎಂದ ರೂನೆ, ದಾಲ್ಚಿನ್ನಿ ಬನ್ನು ಕಾಫಿಗೆ ಅದ್ದುತ್ತ.

"ನಲವತ್ತೇಳು. ದೊಡ್ಡ ಮೇಜಿನ ಮೇಲೆ ಜೋಡಿಸಿಡ್ತೀರಾ, ಗುನ್ವೋರ್? ನೀವೇ ಇಡ್ಬೇಕು. ನೀವು ಇಟ್ರೆ ಯಾರೂ ಬಾಯಿ ತೆಗೆಯಲ್ಲ."

ಗುನ್ವೋರ್ ಬಟ್ಟಲು ಕೆಳಗಿಟ್ಟಳು. "ನಲವತ್ತೇಳಾ?" ಎಂದಳು. "ಆಯ್ತು. ಇಡ್ತೀನಿ."

ಆನೆಲಿ ಕಂಡುಹಿಡಿದಿದ್ದು ಏನು ಎಂದು ಆ ಉಗ್ರಾಣದಲ್ಲಿ ಕಸ ಗುಡಿಸುವವಳಿಗೂ ಗೊತ್ತಿತ್ತು, ಅಷ್ಟು ಸಲ ಹೇಳಿದ್ದಳು. ಆ ದಿಂಡುಗಳ ಕಪ್ಪು ಪದರಗಲ್ಲಿನಲ್ಲಿ ಪೆನ್ಸಿಲಿನಿಂದ ಗೀಚಿದಂಥ ಗುರುತುಗಳಿರುತ್ತವೆ. ನಲವತ್ತು ಕೋಟಿ ವರ್ಷಕ್ಕೂ ಹಿಂದೆ ಕಡಲಿನಲ್ಲಿ ತೇಲುತ್ತಿದ್ದ ಪುಟ್ಟ ಜೀವಿಗಳ ಉಳಿಕೆ. ಒಂದು ಬಗೆ ಎರಡೂ ಕಡೆ ಹಲ್ಲಿರುವ ಗರಗಸದಂತೆ, ಇನ್ನೊಂದು ಬಗೆ ಗಾಳದ ಕೊಕ್ಕೆಯಂತೆ. ಅವು ನೀರಿನ ಜೊತೆ ಎಲ್ಲ ಕಡಲಿಗೂ ಹೋದವು, ಹಾಗಾಗಿ ಎಲ್ಲ ದೇಶದ ಕಲ್ಲಿನಲ್ಲೂ ಸಿಗುತ್ತವೆ. ಹಳೆಯ ಫೋಟೋದಲ್ಲಿ ಹೆಂಗಸರ ಟೋಪಿ ನೋಡಿ ಇಸವಿ ಹೇಳುವುದಿಲ್ಲವೇ, ಹಾಗೆಯೇ ಇದು. ಸ್ಕಾಟ್ಲೆಂಡಿನ ಗುಡ್ಡವೂ ಚೀನಾದ ಹಳ್ಳವೂ ಒಂದರ ಮುಖ ಒಂದು ಕಂಡಿಲ್ಲ. ಆದರೆ ಎರಡರಲ್ಲೂ ಗರಗಸ ಮುಗಿದು ಕೊಕ್ಕೆ ಮೊದಲಾಗುವ ಪದರವಿದೆ. ಎರಡೂ ಒಂದೇ ಕಾಲ ಎಂದು ಅದರಿಂದ ತಿಳಿಯುತ್ತದೆ. ಕೊಕ್ಕೆ ಮೊದಲು ಕಾಣಿಸಿಕೊಂಡ ಆ ಪದರವೇ ಎರಡು ಕಾಲಗಳ ನಡುವಿನ ಗಡಿ ಎಂದು ಎಲ್ಲರೂ ಒಪ್ಪಿದ್ದರು.

ಆನೆಲಿಗೆ ಮಾತ್ರ ನಲವತ್ತೇಳನೆಯ ಪೆಟ್ಟಿಗೆಯಲ್ಲಿ ಬೇರೆಯದೇ ಕಂಡಿತು. ಗರಗಸ, ಅದರ ಮೇಲೆ ಕೊಕ್ಕೆ, ಮತ್ತೆ ಗರಗಸ, ಮತ್ತೆ ಕೊಕ್ಕೆ. ಅಂದರೆ ಎರಡೂ ಒಂದೇ ಕಡಲಲ್ಲಿ ಜೊತೆಗೆ ಬದುಕಿದ್ದವು. ಕೊಕ್ಕೆ ಇಲ್ಲಿ ಬೇರೆ ದೇಶಗಳಿಗಿಂತ ಮೊದಲೇ ಬಂದಿತ್ತು. ಎಲ್ಲ ದೇಶಗಳ ಗಡಿಯನ್ನೂ ಕೆಳಕ್ಕೆ ಸರಿಸಬೇಕು. ಗಡಿ ತೀರ್ಮಾನಿಸುವ ಆ ಏಳು ಜನ ಪಂಡಿತರು ಒಪ್ಪಿದರೆ ಅವಳ ಲೇಖನ ಅಚ್ಚಾಗುತ್ತದೆ, ವಿಶ್ವವಿದ್ಯಾಲಯದಲ್ಲಿ ಖಾಯಂ ಕೆಲಸ ಆಗುತ್ತದೆ. ಒಪ್ಪದಿದ್ದರೆ ಸೆಪ್ಟೆಂಬರಿಗೆ ಅವಳ ಅವಧಿ ಮುಗಿಯುತ್ತದೆ.

ಎಲ್ಲರೂ ಹೋದ ಮೇಲೆ ಗುನ್ವೋರ್ ಎರಡನೆಯ ಕೊಟ್ಟಿಗೆಗೆ ಹೋಗಿ ನಲವತ್ತೇಳನ್ನು ಎಳೆದಳು. ಮೂರು ವರ್ಷದಲ್ಲಿ ಎಷ್ಟು ಸಲ ಎಳೆದು ಕೊಟ್ಟಿದ್ದಳೋ. ಪ್ರತಿ ಸಲವೂ ಮುಚ್ಚಳ ತೆಗೆಯದೆ ಕೊಟ್ಟಿದ್ದಳು. ಉಳಿದ ಪೆಟ್ಟಿಗೆಗಳ ಮುಚ್ಚಳವನ್ನು ತಾನೇ ತೆಗೆದು, ಒರೆಸಿ ಕೊಡುತ್ತಿದ್ದಳು.

ಸಾವಿರದ ಒಂಬೈನೂರ ಅರವತ್ತೇಳರ ಮಾರ್ಚ್ ತಿಂಗಳು. ಅವಳಿಗೆ ಆಗ ಇಪ್ಪತ್ತೊಂಬತ್ತು. ಗಂಡ ಕಡಲಿಗೆ ಹೋಗಿ ಮರಳದೆ ಎರಡು ತಿಂಗಳಾಗಿತ್ತು, ಮನೆಯಲ್ಲಿ ಮೂರು ವರ್ಷದ ಮಗಳು. ಉಗ್ರಾಣದ ಕೆಲಸ ಸಿಕ್ಕಿ ಐದು ವಾರ, ಇನ್ನೂ ಖಾಯಂ ಆಗಿರಲಿಲ್ಲ. ಕೊಟ್ಟಿಗೆಯ ಇಳಿಜಾರಿನ ಮೇಲೆ ಹೆಪ್ಪುಗಟ್ಟಿದ ನೀರು, ಕಾಲು ಜಾರಿತು, ಪೆಟ್ಟಿಗೆ ಅಡ್ಡವಾಯಿತು. ನಾಲ್ಕು ಸಾಲು ಹೇಗೋ ನಿಂತವು. ಮೂರನೆಯ ಸಾಲು ಮಾತ್ರ ಸರ್ರನೆ ಜಾರಿ, ಒಂಬತ್ತು ತುಂಡು ಒಂದರ ಹಿಂದೊಂದು, ಹಿಮದಲ್ಲಿ ಹೋಗಿ ಮಲಗಿತು.

ಓಡಿ ಬಂದವನು ಮೇಸ್ತ್ರಿ ಎಸ್ಬಿಯೋರ್ನ್. ಬೈಯಲಿಲ್ಲ. ಬಗ್ಗಿ, ಒಂಬತ್ತನ್ನೂ ಸಾಲಾಗಿಯೇ ಎತ್ತಿ ಕೊಟ್ಟ. ಆಮೇಲೆ ಇಬ್ಬರೂ ಪೆಟ್ಟಿಗೆಯ ಮುಂದೆ ಕೂತರು. ಯಾವ ಕಡೆ ತಲೆ? ಪದರಗಲ್ಲು ಅಡ್ಡಕ್ಕೆ ಒಡೆಯುತ್ತದೆ, ಪೇರಿಸಿದ ರೊಟ್ಟಿಯ ಹಾಗೆ. ಸಾಲಿನ ಎರಡು ತುದಿಯನ್ನೂ ಗರಗಸದಲ್ಲಿ ಕೊಯ್ದು ಸಪಾಟು ಮಾಡಿರುತ್ತಾರೆ. ಹೇಗಿಟ್ಟರೂ ಕೂರುತ್ತದೆ. "ಈ ಕಡೆ" ಎಂದಳು ಗುನ್ವೋರ್. "ಅಲ್ಲ, ಈ ಕಡೆ" ಎಂದ ಎಸ್ಬಿಯೋರ್ನ್. ಮೇಸ್ತ್ರಿ ಅವನು. ಉಗ್ರಾಣದ ದಾಖಲೆ ಪುಸ್ತಕದಲ್ಲಿ ಅವನೇ ಬರೆದ: 47, ಸರಿಯಿದೆ. "ಬಾಯಿ ಮುಚ್ಕೊಂಡಿರು ಹುಡುಗಿ" ಎಂದ. "ಹೇಳಿದ್ರೆ ಸಂಜೆ ಒಳಗೆ ಮನೆಗೆ ಕಳಿಸ್ತಾರೆ ನಿನ್ನ."

ಆಮೇಲೆ ಗುನ್ವೋರ್ ಮಾಡಿದ ಕೆಲಸ ದೇಶಕ್ಕೆಲ್ಲ ಗೊತ್ತು. ಪ್ರತಿ ದಿಂಡಿನ ಉದ್ದಕ್ಕೂ ಎರಡು ಗೆರೆ ಎಳೆಯುವ ಪದ್ಧತಿ ತಂದವಳು ಅವಳು. ದಿಂಡನ್ನು ನೆಟ್ಟಗೆ ನಿಲ್ಲಿಸಿದಾಗ ಕೆಂಪು ಬಲಕ್ಕೆ, ನೀಲಿ ಎಡಕ್ಕೆ ಇರಬೇಕು. ಆಗ ಯಾವ ತುಂಡು ಎಲ್ಲಿ ಬಿದ್ದರೂ ಅದರ ತಲೆ ಯಾವುದು, ಬುಡ ಯಾವುದು ಎಂದು ಮಗುವೂ ಹೇಳುತ್ತದೆ. ಹೊಸ ಪೆಟ್ಟಿಗೆಗಳಿಗಷ್ಟೇ ಅಲ್ಲ, ನಾಲ್ಕು ವರ್ಷ ಕೂತು ಹಳೆಯ ಪೆಟ್ಟಿಗೆಗಳಿಗೂ ಎಳೆದಳು. ಬೇರೆ ಊರಿನ ಉಗ್ರಾಣದವರೂ ಕಲಿತು ಹೋದರು. "ಗುನ್ವೋರ್ ಗೆರೆ" ಎಂದೇ ಹೆಸರಾಯಿತು. ಇದೆಂಥ ಬುದ್ಧಿ ಎಂದು ಜನ ಹೊಗಳಿದರು. ಅದು ಬುದ್ಧಿಯಿಂದ ಬಂದದ್ದಲ್ಲ, ಹೆದರಿಕೆಯಿಂದ ಬಂದದ್ದು ಎಂದು ಅವಳು ಯಾರಿಗೆ ಹೇಳಿಯಾಳು?

ನಲವತ್ತೇಳಕ್ಕೂ ಅವಳೇ ಗೆರೆ ಎಳೆದಿದ್ದಳು. ಇದ್ದದ್ದನ್ನು ಇದ್ದಂತೆಯೇ. ಕೈ ಒಂದು ಗಳಿಗೆ ನಿಂತಿತ್ತು, ಅದು ನೆನಪಿದೆ. ಆಮೇಲೆ ಎಳೆದಿತ್ತು.

ಮುಚ್ಚಳ ತೆಗೆದಳು. ಮೂರನೆಯ ಸಾಲಿನ ಐದನೆಯ ತುಂಡಿನಲ್ಲಿ ಹೆಬ್ಬೆರಳಗಲದ ಬಿಳಿಚು ಪಟ್ಟಿಯಿತ್ತು. ಆಗಿನ ಕಾಲದ ಯಾವುದೋ ಜ್ವಾಲಾಮುಖಿ ಉಗುಳಿದ ಬೂದಿ. ಗಾರೆ ಕಲಸಿದವರಿಗೂ, ಬಕೆಟ್ಟಿನಲ್ಲಿ ಕೆಸರು ತೊಳೆದವರಿಗೂ ತಿಳಿದ ಮಾತು ಇದು: ನೀರಿಗೆ ಬಿದ್ದದ್ದರಲ್ಲಿ ದಪ್ಪ ಕಣ ಮೊದಲು ತಳ ಸೇರುತ್ತದೆ, ನುಣುಪು ಕೊನೆಗೆ ಇಳಿಯುತ್ತದೆ. ಗುನ್ವೋರ್ ಪಟ್ಟಿಯ ಕೆಳಅಂಚನ್ನು, ಅಂದರೆ ಮಲಗಿದ ಸಾಲಿನ ಬಲಗಡೆಯದನ್ನು, ಉಗುರಿನಿಂದ ಕೆರೆದು, ಮುಂಬಲ್ಲಿನ ನಡುವೆ ಇಟ್ಟು ಕಡಿದಳು. ಬೆಣ್ಣೆಯ ಹಾಗೆ ಜಾರಿತು. ಮೇಲಂಚನ್ನು ಕೆರೆದು ಕಡಿದಳು. ಕರಕರ ಎಂದಿತು.

ಇನ್ನೊಮ್ಮೆ ಮಾಡಿ ನೋಡಿದಳು. ಕಲ್ಲು ಮಾತು ಬದಲಿಸಲಿಲ್ಲ. ಒಂದು ಮೀಟರ್ ಪೂರ್ತಿ ತಲೆಕೆಳಗು. ಗರಗಸದ ಮೇಲೆ ಕೊಕ್ಕೆ ಬಂದು, ಮತ್ತೆ ಗರಗಸ ಹೇಗೆ ಬಂತು ಎಂಬುದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಅವು ಜೊತೆಗೆ ಬದುಕಿರಲಿಲ್ಲ. ಇಬ್ಬರು ಮನುಷ್ಯರು ಹಿಮದಲ್ಲಿ ಕೂತು ಅವನ್ನು ಹಿಂದುಮುಂದು ಮಾಡಿದ್ದರು.

ಎಸ್ಬಿಯೋರ್ನ್‌ಗೆ ಈಗ ಎಂಬತ್ತನಾಲ್ಕು. ಅವಳು ಹೋದಾಗ ಊರಿನ ಆರೈಕೆಮನೆಯ ಕಿಟಕಿಯ ಬಳಿ ಕೂತು ಒಬ್ಬನೇ ಇಸ್ಪೀಟು ಹಾಕುತ್ತಿದ್ದ. ಮೇಲ್ದುಟಿಯಡಿ ಎಂದಿನಂತೆ ಹೊಗೆಸೊಪ್ಪಿನ ಉಂಡೆ.

"ಏನೇ ಹುಡುಗಿ, ಕೆಲಸದ ಹೊತ್ತಲ್ಲಿ ಬಂದಿದೀಯ? ಉಗ್ರಾಣಕ್ಕೆ ಬೆಂಕಿ ಬಿತ್ತಾ?"

"ಬಿದ್ದಿದ್ರೆ ವಾಸಿಯಾಗಿತ್ತು, ಮೇಸ್ತ್ರಿ. ನಲವತ್ತೇಳು."

ಅವನು ಕೈಯಲ್ಲಿದ್ದ ಎಲೆಯನ್ನು ಮಗುಚಿಟ್ಟ. ಯಾವ ನಲವತ್ತೇಳು ಎಂದು ಕೇಳಲಿಲ್ಲ.

"ಮೂರನೇ ಸಾಲು ತಲೆಕೆಳಗಿದೆ" ಎಂದಳು. "ಬೂದಿ ಕಡಿದು ನೋಡ್ದೆ."

"ಮೇಲ್ಗಡೆ ದಪ್ಪನಾ?"

"ಮೇಲ್ಗಡೆ ಮರಳು, ಕೆಳಗಡೆ ಬೆಣ್ಣೆ."

"ಹಾಗಾದ್ರೆ ಅವತ್ತು ನೀನೇ ಸರಿ ಹೇಳಿದ್ದೆ."

"ಅದನ್ನ ಕೇಳೋಕೆ ಬರ್ಲಿಲ್ಲ ನಾನು." ಆನೆಲಿಯ ಕತೆಯನ್ನೆಲ್ಲ ಹೇಳಿದಳು. ಏಳು ಜನರ ಮಾತು, ಗಡಿಯ ಮಾತು, ಸೆಪ್ಟೆಂಬರಿನ ಮಾತು.

ಎಸ್ಬಿಯೋರ್ನ್ ಇಸ್ಪೀಟಿನ ಎಲೆಗಳನ್ನು ಒಟ್ಟುಮಾಡಿದ. "ಸುಮ್ನಿದ್ರೆ ಏನಾಗುತ್ತೆ?" ಎಂದ. "ಆ ಹುಡುಗಿಗೆ ಕೆಲಸ ಸಿಗುತ್ತೆ. ಗಡಿ ಒಂದು ಗೇಣು ಆ ಕಡೆಯೋ ಈ ಕಡೆಯೋ. ಯಾರಪ್ಪನ ಹೊಲದ ಬದು ಅದು? ಯಾರೂ ಕೋರ್ಟಿಗೆ ಹೋಗಲ್ಲ."

"ಯಾವತ್ತೋ ಒಂದಿನ ಯಾರೋ ಆ ಬೂದಿ ಕಡೀತಾರೆ, ಮೇಸ್ತ್ರಿ. ಎಸ್ಟೋನಿಯಾದವರು ಗುರುವಾರಾನೇ ಕಡಿಬಹುದು. ಆಗ ಏಳು ಜನರ ಎದುರಿಗೆ ಅವಳು ನಿಂತಿರ್ತಾಳೆ. ನಾವಲ್ಲ."

"ಕಡೀದೇ ಇರಬಹುದು."

"ಇರಬಹುದು."

"ನಿನ್ನ ಗೆರೆ ಮೇಲಿನ ನಂಬಿಕೆ ಹೋಗುತ್ತೆ. ಹೋದ ಮಾನ ಆನೆ ಕೊಟ್ಟರೂ ಬರಲ್ಲ ಕಣೇ."

ಅವಳು ಕೋಟಿನ ಗುಂಡಿ ಹಾಕಿಕೊಂಡಳು. ಏಳುವಾಗ ಅವನು ಅವಳ ತೋಳು ಹಿಡಿದ. "ಹೇಳ್ಲೇಬೇಕು ಅಂತಿದ್ರೆ ನನ್ನ ಹೆಸರು ಬಿಟ್ಟು ಹೇಳು. ಎರಡನೇ ಕೊಟ್ಟಿಗೆ ಬಾಗಿಲ ಮೇಲೆ ನನ್ನ ಹೆಸರು ಬರ್ಸಿದಾರೆ. ನಾನು ಸತ್ತ ಮೇಲೆ ಇಳಿಸ್ಲಿ. ಈಗ ಬೇಡ."

"ನಾನು ಬೀಳಿಸಿದ್ದು, ನಾನು ಗೆರೆ ಎಳೆದಿದ್ದು" ಎಂದಳು ಗುನ್ವೋರ್. "ಅಷ್ಟೇ ಹೇಳ್ತೀನಿ." ಅವಳ ಮಗಳ ಹೊಟ್ಟೆ ತುಂಬಿದ್ದು ಈ ಮನುಷ್ಯ ಅವತ್ತು ಬರೆದ ಒಂದು ಸುಳ್ಳಿನಿಂದ. ಆ ಋಣವನ್ನು ಅವಳು ಹೇಗೆ ಮರೆತಾಳು?

ಸಂಜೆ ಮನೆಗೆ ಹೋಗಿ ಮೊಟ್ಟೆ ಒಡೆದಳು. ಮೂರು ಪದರದ ಕೇಕು, ನಡುವೆ ರಾಸ್ಪ್‌ಬೆರಿ ಮತ್ತು ಕೆನೆ, ಮೇಲೆ ಬಾದಾಮಿ ಹಿಟ್ಟಿನ ಹಸಿರು ಹೊದಿಕೆ. ಹಬ್ಬಕ್ಕೆ ಎಷ್ಟೋ ಸಲ ಮಾಡಿದ್ದಳು. ಅಂದು ಮಾತ್ರ ಹೊದಿಕೆ ಎರಡು ಸಲ ಹರಿಯಿತು.

ಬುಧವಾರ ಹತ್ತು ಗಂಟೆಗೆ ಅವಳು ಡಬ್ಬಿಯ ಮುಚ್ಚಳ ತೆಗೆದಾಗ ರೂನೆ ಸಿಳ್ಳು ಹಾಕಿದ.

"ಯಾರ ಹುಟ್ಟಿದಬ್ಬ?"

"ಹುಟ್ಟಿದಬ್ಬ ಅಲ್ಲ. ತಪ್ಪಿನದು. ನಂದು."

ಎಲ್ಲರೂ ನಕ್ಕರು. ರೂನೆ ಎದೆ ಹಿಡಿದುಕೊಂಡು, "ದೇವರೇ, ಇದನ್ನ ನೋಡೋಕೆ ಇಷ್ಟು ದಿನ ಬದುಕಿಸಿದ್ಯಲ್ಲಪ್ಪ! ಏನ್ ಮಾಡಿದ್ರಿ, ಗುನ್ವೋರ್? ಪೆನ್ಸಿಲ್ ಚೂಪು ಮಾಡೋದು ಮರೆತ್ರಾ?" ಎಂದ.

ಆನೆಲಿಯೂ ನಗುತ್ತಿದ್ದಳು. ಅವಳ ನಗುಮುಖವನ್ನೇ ನೋಡುತ್ತ ಗುನ್ವೋರ್ ಹೇಳಿದಳು. ಇಳಿಜಾರು, ಹಿಮ, ಮೂರನೆಯ ಸಾಲು, ಬೂದಿ. ಮಾತು ಸುತ್ತಿ ಬಳಸಲಿಲ್ಲ.

ಆನೆಲಿ ಎದ್ದು ಹೋದಳು. ದೊಡ್ಡ ಮೇಜಿನ ಮೇಲಿದ್ದ ಪೆಟ್ಟಿಗೆಯ ಮುಂದೆ ನಿಂತು ಬೂದಿಯ ಕೆಳಅಂಚು ಕೆರೆದು ಬಾಯಿಗಿಟ್ಟಳು. ಮೇಲಂಚು ಕೆರೆದು ಬಾಯಿಗಿಟ್ಟಳು. ಕಡಿದದ್ದನ್ನು ಉಗುಳಲೂ ಇಲ್ಲ. ಗುನ್ವೋರ್ ಹಿಂದೆಯೇ ಹೋಗಿ ನಿಂತಳು.

"ಮೂರು ವರ್ಷ" ಎಂದಳು ಆನೆಲಿ, ತಿರುಗದೆ. "ಮೂರು ವರ್ಷ ಈ ಪೆಟ್ಟಿಗೇನ ನೀವೇ ನನ್ನ ಕೈಗೆ ಕೊಟ್ರಿ."

"ಹೌದು."

"ತಲೆಕೆಳಗಿದೆ ಅಂತ ಗೊತ್ತಿತ್ತಾ?"

"ಬಿದ್ದಿತ್ತು ಅಂತ ಗೊತ್ತಿತ್ತು. ತಲೆಕೆಳಗಿದೆ ಅಂತ ನೆನ್ನೆ ಗೊತ್ತಾಯ್ತು."

"ನೋಡ್ಬಹುದಿತ್ತಲ್ಲ? ಒಂದು ಉಗುರು ಕೆರೆದಿದ್ರೆ ಸಾಕಿತ್ತಲ್ಲ?"

"ನೋಡ್ಬಹುದಿತ್ತು. ನೋಡೋಕೆ ಇಷ್ಟ ಇರ್ಲಿಲ್ಲ."

ಆನೆಲಿ ಈಗ ತಿರುಗಿದಳು. ಕಣ್ಣು ಒಣಗಿತ್ತು. "ನಾನೂ ನೋಡ್ಲಿಲ್ಲ. ಬೂದಿ ಕಣ್ಣೆದುರಿಗೇ ಇತ್ತು. ಯಾಕೆ ನೋಡ್ಲಿಲ್ಲ ಗೊತ್ತಾ? ಗೆರೆ ಇತ್ತು. ಗುನ್ವೋರ್ ಗೆರೆ ಇರುವಾಗ ಮತ್ತೇನು ನೋಡೋದು ಅಂದ್ಕೊಂಡೆ."

ಬೈದಿದ್ದರೆ ಗುನ್ವೋರ್ ತಡೆದುಕೊಳ್ಳಬಹುದಿತ್ತು.

ಗೋಡೆಯ ಕಪಾಟಿನಿಂದ ಆನೆಲಿ ಅರವತ್ತೇಳರ ಪುಸ್ತಕ ತೆಗೆದು ಪುಟ ಹುಡುಕಿದಳು. 47, ಸರಿಯಿದೆ. ಬಾಗಿದ, ದಪ್ಪ ಅಕ್ಷರ. ಗುನ್ವೋರ್‌ದು ಸಣ್ಣ, ನೆಟ್ಟಗಿನ ಅಕ್ಷರ. ಆ ಉಗ್ರಾಣದಲ್ಲಿ ಅದನ್ನು ತಿಳಿಯದವರಿಲ್ಲ. ಆನೆಲಿ ಆ ಬರಹವನ್ನು ನೋಡಿದಳು, ಗುನ್ವೋರಳನ್ನು ನೋಡಿದಳು, ಆಮೇಲೆ ಕಿಟಕಿಯಾಚೆ ಎರಡನೆಯ ಕೊಟ್ಟಿಗೆಯ ಬಾಗಿಲ ಮೇಲಿನ ಹಲಗೆಯನ್ನು. ಏನೂ ಕೇಳದೆ ಪುಸ್ತಕವನ್ನು ಅವಳ ಮುಂದೆ ಸರಿಸಿ ಪೆನ್ನು ಕೊಟ್ಟಳು. ಗುನ್ವೋರ್ ಕೆಳಗೆ ಬರೆದಳು: ನನ್ನ ಕೈಯಿಂದ ಬಿತ್ತು. ಮೂರನೆಯ ಸಾಲು ತಲೆಕೆಳಗಾಗಿತ್ತು. ತಿರುಗಿಸಿದೆ. ದಿನಾಂಕ, ಸಹಿ.

ಬಳಿಕ ಇಬ್ಬರೂ ತಿರುಗಿಸಲು ನಿಂತರು. ಒಂದೊಂದೇ ತುಂಡು. ಆನೆಲಿ ಎತ್ತಿ ಕೊಡುವುದು, ಗುನ್ವೋರ್ ತಲೆ ಬುಡ ಬದಲಿಸಿ, ಒಂಬತ್ತನೆಯದನ್ನು ಮೊದಲನೆಯ ಜಾಗಕ್ಕೆ, ಎಂಟನೆಯದನ್ನು ಎರಡನೆಯ ಜಾಗಕ್ಕೆ ಇಡುವುದು. ಪ್ರತಿ ತುಂಡಿನ ಮೇಲೂ ಆನೆಲಿ ಅಂಟಿಸಿದ ಪುಟ್ಟ ಚೀಟಿಗಳಿದ್ದವು: ಗರಗಸಕ್ಕೆ ಹಳದಿ, ಕೊಕ್ಕೆಗೆ ಕೆಂಪು. ತುಂಡುಗಳು ಜಾಗ ಬದಲಿಸಿದಂತೆ ಚೀಟಿಗಳೂ ಒಪ್ಪವಾಗುತ್ತ ಬಂದವು. ಕೊನೆಯ ತುಂಡು ಕೂತಾಗ ಪೆಟ್ಟಿಗೆಯ ಕೆಳಭಾಗವೆಲ್ಲ ಹಳದಿ, ಮೇಲ್ಭಾಗವೆಲ್ಲ ಕೆಂಪು. ಸ್ಕಾಟ್ಲೆಂಡಿನಲ್ಲಿ ಇದ್ದಂತೆಯೇ, ಚೀನಾದಲ್ಲಿ ಇದ್ದಂತೆಯೇ. ಗಡಿ ಇದ್ದಲ್ಲೇ ಇತ್ತು. ಹೊಸದೇನೂ ಇರಲಿಲ್ಲ.

"ಹದಿನೈದು ನಿಮಿಷ ಹಿಡೀತು" ಎಂದಳು ಆನೆಲಿ, ಗಡಿಯಾರ ನೋಡಿ.

ಗುನ್ವೋರ್ ಜೇಬಿನಿಂದ ಚಿಂದಿ ತೆಗೆದು, ಸ್ಪಿರಿಟ್ಟಿನ ಸೀಸೆಗೆ ಕೈ ಹಾಕಿದಳು. ತಿರುಗಿದ ಸಾಲಿನಲ್ಲಿ ಗೆರೆಗಳು ಅದಲುಬದಲಾಗಿದ್ದವು. ಪೆಟ್ಟಿಗೆಯುದ್ದಕ್ಕೂ ಕೆಂಪು ಮೇಲೆ, ನೀಲಿ ಕೆಳಗೆ; ಆ ಒಂದು ಸಾಲಿನಲ್ಲಿ ಮಾತ್ರ ನೀಲಿ ಮೇಲೆ, ಕೆಂಪು ಕೆಳಗೆ. ದೂರದಿಂದಲೂ ಕಣ್ಣಿಗೆ ಹೊಡೆಯುತ್ತಿತ್ತು.

"ಅಳಿಸ್ಬೇಡಿ" ಎಂದಳು ಆನೆಲಿ.

"ನಾಳೆ ಅವರು ಬರುವಾಗ..."

"ಬರ್ಲಿ. ಕೇಳ್ಲಿ. ಅಳಿಸ್ಬೇಡಿ."

ಅವರು ಕಾಫಿಯ ಮೇಜಿಗೆ ಮರಳಿದಾಗ ರೂನೆ ಕೇಕು ಕತ್ತರಿಸಿಟ್ಟಿದ್ದ. ಯಾರೂ ಮುಟ್ಟಿರಲಿಲ್ಲ. ಅವನೇ ಮೊದಲು ಬಾಯಿಗಿಟ್ಟ. "ಹನ್ನೊಂದು ಸಲ ಗುನ್ವೋರ್ ನಂದು ತಿಂದಿದಾರೆ" ಎಂದ, ಯಾರ ಮುಖವನ್ನೂ ನೋಡದೆ. "ಒಂದ್ಸಲ ಅದರಲ್ಲಿ ಉಪ್ಪಿತ್ತು. ಆದ್ರೂ ತಿಂದ್ರು." ಉಳಿದವರೂ ಒಬ್ಬೊಬ್ಬರಾಗಿ ತಟ್ಟೆ ಎಳೆದುಕೊಂಡರು. ಆನೆಲಿ ತನ್ನ ತುಂಡನ್ನು ನೋಡಿ, ಫೋನ್ ಮಾಡಬೇಕು ಎಂದು ಹೊರಟುಹೋದಳು.

ಗುರುವಾರ ಏಳು ಜನ ಬಂದರು. ಆನೆಲಿಯೇ ಪೆಟ್ಟಿಗೆಯ ಮುಂದೆ ನಿಂತು ಆದದ್ದನ್ನೆಲ್ಲ ಹೇಳಿದಳು. ದನಿ ಒಮ್ಮೆಯೂ ಮುರಿಯಲಿಲ್ಲ. ಎಸ್ಟೋನಿಯಾದ ಮುದುಕ ಅವಳ ಮಾತು ಮುಗಿಯುವ ಮೊದಲೇ ಬಗ್ಗಿ ಬೂದಿ ಕೆರೆದು ಹಲ್ಲಿನ ನಡುವೆ ಇಟ್ಟಿದ್ದ. ತಲೆಯಾಡಿಸಿದ. ಹಿಂದಿನ ಸಾಲಿನಲ್ಲಿ ನಿಂತಿದ್ದ ಗುನ್ವೋರ್ ಅದನ್ನು ಕಂಡಳು. ಸ್ಕಾಟ್ಲೆಂಡಿನ ಹೆಂಗಸು ಆನೆಲಿಯ ಕೈ ಕುಲುಕಿ, ಹೇಳಿದ್ದು ಒಳ್ಳೆಯದಾಯಿತು ಎಂದಳು. ಒಳ್ಳೆಯದಾಯಿತು ಎನ್ನುವವರು ಯಾರೂ ಕೆಲಸ ಕೊಡುವುದಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಅವರು ಬಸ್ಸು ಹತ್ತಿದರು.

ಕಟ್ಟಳೆಯಂತೆ ಉಗ್ರಾಣದಲ್ಲಿ ಯಾರೂ ಆ ಮಾತೆತ್ತಲಿಲ್ಲ. ಆದರೆ ಕಾಫಿ ಕೋಣೆಯ ಕಿಟಕಿಯ ಮೇಲೆ, ತಟ್ಟೆ ಮುಚ್ಚಿದ ಒಂದು ತುಂಡು ಕೇಕು ಹಾಗೆಯೇ ಉಳಿದಿತ್ತು. ಎಲ್ಲರೂ ತಿಂದರೆ ಮಾತ್ರ ಮಾತು ಮುಗಿದಂತೆ. ರೂನೆ ಎರಡು ಸಲ ಅದರ ಕಡೆ ನೋಡಿ ಸುಮ್ಮನಾದ. ಎಸೆಯುವ ಧೈರ್ಯ ಗುನ್ವೋರ್‌ಗೂ ಬರಲಿಲ್ಲ.

ಸೋಮವಾರ ಬೆಳಗ್ಗೆ ಆನೆಲಿ ಬಂದಳು. ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಕೋಟು ತೆಗೆದು ಗೂಟಕ್ಕೆ ಹಾಕಿ, ಕಿಟಕಿಯ ಪಕ್ಕದ ಮೇಜಿನ ದೂಳು ಒರೆಸಿದಳು.

"ಸೆಪ್ಟೆಂಬರ್ ತನಕ ಇದೀನಿ" ಎಂದಳು. "ನಲವತ್ತೆಂಟು ಕೊಡಿ."

ಗುನ್ವೋರ್ ಹೋಗಿ ನಲವತ್ತೆಂಟನ್ನು ತಂದಳು. ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು, ಒರೆಸಿದಳು. ಐದು ಸಾಲಿನಲ್ಲೂ ಕೆಂಪು, ನೀಲಿ ಗೆರೆಗಳು ನೆಟ್ಟಗೆ ಹರಿದಿದ್ದವು.

ಆನೆಲಿ ಗೆರೆಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಬೂದಿಯ ಪಟ್ಟಿ ಎಲ್ಲಿದೆ ಎಂದು ಹುಡುಕಿದಳು. ಸಿಕ್ಕಿದೊಡನೆ ಉಗುರಿನಿಂದ ಕೆರೆದಳು. ಪಕ್ಕದಲ್ಲಿ ನಿಂತಿದ್ದ ಗುನ್ವೋರ್, ಆ ಹಲ್ಲಿನ ನಡುವಿನಿಂದ ಬರುವ ಸದ್ದಿಗೆ ಕಿವಿಗೊಟ್ಟು ಕಾದಳು.